ತಿರುವು ನಿಷೇಧ: ಫಲಕ ಕಾಣಲಿ, ಆಮೇಲೆ ದಂಡ

ಬೆಂಗಳೂರಿನ ಎಷ್ಟೋ ಜನನಿಬಿಡ ರಸ್ತೆಗಳಲ್ಲಿ ‘ಬಲ ತಿರುವು ಇಲ್ಲ’ ಎನ್ನುವ ಫಲಕ ರಾತ್ರಿ ಹೊತ್ತು ಕಣ್ಣಿಗೇ ಬೀಳುವುದಿಲ್ಲ. ನಮ್ಮ ಮನೆ ಹತ್ತಿರದ ಸರ್ಕಲ್‌ನಲ್ಲಿ ಅದು ಹೊಂಗೆ ಕೊಂಬೆಯ ಹಿಂದಿದೆ. ಕೆಂಪು ಬಳೆ ಬಿಸಿಲಿಗೆ ಮಾಸಿ ಗುಲಾಬಿಯಾಗಿದೆ. ಹೊಳೆಯುವ ಹಾಳೆ ಅಂಟಿಸಿದ್ದರೂ ಹೆಡ್‌ಲೈಟ್ ಬಿದ್ದರೆ ತಾನೇ ಹೊಳೆಯುವುದು? ಮೊನ್ನೆ ಮಳೆಯಲ್ಲಿ ಕಾರೊಂದು ಅಲ್ಲಿ ಬಲಕ್ಕೆ ಹೊರಳಲು ನಿಂತಿತು. ಹಿಂದೆ ಬಸ್ಸು, ಆಟೊ ಎಲ್ಲ ಸಾಲುಗಟ್ಟಿದವು. ಗೊತ್ತಿದ್ದೂ ತಿರುಗುವವರೇ ಜಾಸ್ತಿ, ಅದು ಬೇರೆ ಮಾತು. ಕಡ್ಡಾಯ ಫಲಕವನ್ನು ಪಾಲಿಸಲೇಬೇಕು ಎಂದು 1988ರ ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ಆದರೆ ಕಾಣದ ಫಲಕಕ್ಕೆ ದಂಡ ಹಾಕಿದರೆ ಜಗಳವೇ ಅಲ್ವಾ? ಸಿಗ್ನಲ್ ದೀಪಗಳ ಪಕ್ಕದಲ್ಲೇ ಒಳಗಿನಿಂದ ಬೆಳಗುವ ಎಲ್‌ಇಡಿ ಫಲಕ ಹಾಕಲಿ. ಸಿಗ್ನಲ್ ಜಂಪ್ ಹಿಡಿಯುವ ಕ್ಯಾಮೆರಾ ಈ ತಿರುವನ್ನೂ ಹಿಡಿಯಲಿ.

– ಒಬ್ಬ ಸ್ಕೂಟರ್ ಸವಾರ, ಬೆಂಗಳೂರು