ನಾಳಿನ ಫೈರಿಂಗಿಗೆ ಬರುವವರ ಗಮನಕ್ಕೆ: ಕಿವಿ ಜೋಪಾನ

ಎಲ್ಲರಿಗೂ ನಮಸ್ಕಾರ. ನಾಳೆ ರೇಂಜಿಗೆ, ಅಂದರೆ ಗುಂಡು ಹಾರಿಸುವ ಅಭ್ಯಾಸದ ಜಾಗಕ್ಕೆ, ಬರುವವರು ಇಯರ್‌ಪ್ಲಗ್ ಜೇಬಿನಲ್ಲಿಟ್ಟುಕೊಂಡೇ ಹೊರಡಿ, ಅಲ್ಲಿ ಬಂದು ಹುಡುಕಾಡುವುದು ಬೇಡ.

ರೈಫಲ್ ಹಾರಿಸುವವರ ಕಿವಿಯ ಹತ್ತಿರ ಸದ್ದು ಸುಮಾರು 155ರಿಂದ 165 ಡೆಸಿಬಲ್ ಮುಟ್ಟುತ್ತದೆ. 140 ದಾಟಿದರೆ ಒಂದೇ ಸದ್ದಿಗೂ ಪೆಟ್ಟಾಗಬಹುದು. ಸದ್ದನ್ನು ಗ್ರಹಿಸುವ ಒಳಗಿವಿಯ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಬ್ಲ್ಯಾಂಕ್ ರೌಂಡ್ (ಗುಂಡಿಲ್ಲದ, ಬರೀ ಮದ್ದಿನ ತೋಟಾ) ತಾನೇ ಅಂತ ಸಸಾರ ಮಾಡಬೇಡಿ, ಅದರ ಸದ್ದೂ ಅಪಾಯದ್ದೇ.

ಫೋಮ್ ಪ್ಲಗ್ಗನ್ನು ಬಹಳ ಮಂದಿ ಕಿವಿಯ ಬಾಯಿಗೆ ಸಿಕ್ಕಿಸಿ ಸುಮ್ಮನಾಗುತ್ತಾರೆ. ಅದು ಹಾಕಿದ ಲೆಕ್ಕವೇ ಅಲ್ಲ. ಶುಚಿಯಾದ ಬೆರಳಲ್ಲಿ ತೆಳ್ಳಗೆ ಹೊಸೆಯಿರಿ. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು, ಪ್ಲಗ್ ಒಳಗೆ ತೂರಿಸಿ, ಅದು ಉಬ್ಬುವವರೆಗೆ ಸುಮಾರು 30 ಸೆಕೆಂಡು ಒತ್ತಿ ಹಿಡಿಯಿರಿ. ಸರಿಯಾಗಿ ಕೂತರೆ ನಿಮ್ಮದೇ ಮಾತು ತಲೆಯೊಳಗೆ ಮೊಳಗಿದಂತೆ ಕೇಳಿಸುತ್ತದೆ.

ಅದರ ಮೇಲೆ ಇಯರ್‌ಮಫ್ ಕೂಡ ಹಾಕಿ. ಕನ್ನಡಕದ ಕಡ್ಡಿ ದಪ್ಪಗಿದ್ದರೆ ಮಫ್ಫಿನ ಅಂಚು ಬಿಗಿಯಾಗಿ ಕೂರುವುದಿಲ್ಲ. ರೈಫಲ್ಲಿನ ಹಿಂಬದಿಯ ಹಿಡಿಗೆ (ಬಟ್) ಕೆನ್ನೆ ಒತ್ತುವಾಗಲೂ ಅದು ಜರುಗುತ್ತದೆ, ಗುರಿ ಹಿಡಿದ ಭಂಗಿಯಲ್ಲೇ ಒಮ್ಮೆ ಪರೀಕ್ಷಿಸಿಕೊಳ್ಳಿ.

ಹಿಂದೆ ಸರದಿ ಕಾಯುವವರಿಗೂ, ಕಲಿಸುವವರಿಗೂ ಇದೇ ನಿಯಮ. ನಡುವೆ ಪ್ಲಗ್ ಬಿದ್ದರೆ ಟ್ರಿಗರ್‌ನಿಂದ ಬೆರಳು ತೆಗೆಯಿರಿ, ನಳಿಗೆ ಗುರಿಯ ಕಡೆಗೇ ಇರಲಿ, ಕೈ ಎತ್ತಿ. ಫೈರಿಂಗ್ ಪೂರ್ತಿ ನಿಂತಿತೆಂದು ಹೇಳುವವರೆಗೆ ಯಾರೂ ಏನನ್ನೂ ಕಳಚಬಾರದು. ಆಮೇಲೆ ಕಿವಿ ಗುಂಯ್ ಎಂದರೆ, ಮಂದವಾದರೆ, ಮರ್ಯಾದೆಗೆ ಅಂಜಿ ಮುಚ್ಚಿಡದೆ ಅಂದೇ ಡಾಕ್ಟರರಿಗೆ ತೋರಿಸಿ.

ಪ್ಲಗ್ ಇಲ್ಲದವರು ಈಗಲೇ ಇಲ್ಲಿ ತಿಳಿಸಿ.