ಸೋರುವ ಕಿವಿ ಕಂಡಲ್ಲಿ ತಾಯಿ ಕಾರ್ಡ್ ತರಿಸಿ ನೋಡಿ: ಜಿಲ್ಲಾ ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ಮಳೆಗಾಲದಲ್ಲಿ ಶಿವಮೊಗ್ಗ ಜಿಲ್ಲೆಯ ಹಳ್ಳಿ ಶಾಲೆಗಳಲ್ಲಿ ಕಿವಿಗೆ ಹತ್ತಿ ತುರುಕಿಕೊಂಡು ಕುಳಿತ ಮಕ್ಕಳು ಅಪರೂಪವಲ್ಲ. ನೆಗಡಿಯಾಗಿ ಕಿವಿ ಸೋರುತ್ತಿದೆ, ಬಿಸಿಲು ಬಿದ್ದರೆ ತಾನೇ ನಿಲ್ಲುತ್ತದೆ ಎಂದು ಮನೆಯವರು ಸುಮ್ಮನಾಗುತ್ತಾರೆ. ಆ ಸೋರುವ ಕಿವಿಯಿಂದ ಧನುರ್ವಾಯುವೂ ಬರಬಹುದು ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ. ಅದಕ್ಕಾಗಿಯೇ ಈ ಪತ್ರ.

ಧನುರ್ವಾಯು ಎಂದರೆ ತುಕ್ಕು ಹಿಡಿದ ಮೊಳೆ ಎಂದೇ ನಮ್ಮ ನಂಬಿಕೆ. ಆದರೆ ಅದರ ರೋಗಾಣುವಿನ ಬೀಜಕಗಳು ಇರುವುದು ಮಣ್ಣಿನಲ್ಲಿ, ಸಗಣಿಯಲ್ಲಿ. ಕೊಟ್ಟಿಗೆ, ಗೊಬ್ಬರಗುಂಡಿ, ತೋಟದ ನಡುವೆ ಬೆಳೆಯುವ ಮಲೆನಾಡಿನ ಮಗುವಿನ ಬೆರಳಿನಲ್ಲಿ ಅವು ಇರದಿರುವುದುಂಟೇ? ಕಿವಿಯ ತಮಟೆ ತೂತಾಗಿ ಕೀವು ತುಂಬಿದಾಗ ಒಳಗೆ ಗಾಳಿ ಸುಳಿಯದ ಜಾಗ ಉಂಟಾಗುತ್ತದೆ. ತುರಿಕೆಯೆಂದು ಹಾಕಿದ ಬೆಂಕಿಕಡ್ಡಿ, ಹೇರ್‌ಪಿನ್ ಅಥವಾ ಕೋಳಿಗರಿ ಬೀಜಕವನ್ನು ಅಲ್ಲಿಗೆ ಮುಟ್ಟಿಸುತ್ತದೆ. ಗಾಳಿಯಿಲ್ಲದ ಕಡೆಯೇ ಅದು ಬೆಳೆದು ವಿಷ ಉಗುಳುವುದು.

ಆಮೇಲಿನದು ಘೋರ. ದವಡೆ ಕಚ್ಚಿಕೊಳ್ಳುತ್ತದೆ, ಕುತ್ತಿಗೆ ಸೆಟೆಯುತ್ತದೆ, ಬೆನ್ನು ಬಾಗುತ್ತದೆ. ಸೋಂಕು ತಲೆಯ ಭಾಗದಲ್ಲಿದ್ದಾಗ ಕೆಲವರಿಗೆ ಮುಖದ ಒಂದು ಬದಿಯೇ ಸೋಲುತ್ತದೆ. ಒಂದು ಸದ್ದು, ಒಂದು ಸ್ಪರ್ಶ ಸಾಕು, ಸೆಳೆತ ಮರುಕಳಿಸಲು. ಇಷ್ಟೆಲ್ಲ ಆಗುವಾಗಲೂ ಮಗುವಿಗೆ ಸಾಮಾನ್ಯವಾಗಿ ಎಚ್ಚರ ತಪ್ಪುವುದಿಲ್ಲ, ನೋವೆಲ್ಲವೂ ತಿಳಿಯುತ್ತಿರುತ್ತದೆ. ನರಕ್ಕೆ ಅಂಟಿಕೊಂಡ ವಿಷವನ್ನು ಬಿಡಿಸುವ ಔಷಧವಿಲ್ಲ. ವಾರಗಟ್ಟಲೆ ತೀವ್ರ ನಿಗಾ ಘಟಕ, ಎಷ್ಟೋ ಸಲ ವೆಂಟಿಲೇಟರ್. ಹೊಸನಗರದ ಒಳಹಳ್ಳಿಯಿಂದ ಆ ಸೆಟೆದ ದೇಹವನ್ನು ಹೊತ್ತು ಶಿವಮೊಗ್ಗದವರೆಗೆ ಬರುವ ದಾರಿಯನ್ನು ತಾವೊಮ್ಮೆ ನೆನೆಯಬೇಕು.

ತಡೆಯುವುದಕ್ಕೆ ಬೇಕಾದ ಲಸಿಕೆ ಸರ್ಕಾರದ ಬಳಿಯೇ ಉಚಿತವಾಗಿದೆ: 6, 10 ಮತ್ತು 14ನೇ ವಾರಕ್ಕೆ ಪೆಂಟಾವೇಲೆಂಟ್, 16ರಿಂದ 24 ತಿಂಗಳೊಳಗೆ ಮತ್ತು 5–6ನೇ ವರ್ಷಕ್ಕೆ ಡಿಪಿಟಿ, 10 ಹಾಗೂ 16ನೇ ವರ್ಷಕ್ಕೆ ಟಿಡಿ. ಈ ಮೂರರಲ್ಲೂ ಧನುರ್ವಾಯುವಿನ ಲಸಿಕೆ ಸೇರಿದೆ. ಗರ್ಭಿಣಿಯರಿಗೆ ಲಸಿಕೆ, ಶುಚಿಯಾದ ಹೆರಿಗೆ ಎಂಬ ಹಟದಿಂದಲೇ 2015ರಲ್ಲಿ ದೇಶ ನವಜಾತ ಶಿಶುಗಳ ಧನುರ್ವಾಯುವನ್ನು ಹತೋಟಿಗೆ ತಂದಿತು. ಆದರೆ ತಾಯಿಯಿಂದ ಬಂದ ರಕ್ಷಣೆ ಕೆಲವು ತಿಂಗಳಷ್ಟೇ. ಇದು ಒಬ್ಬರಿಂದ ಒಬ್ಬರಿಗೆ ಹರಡುವ ರೋಗವೂ ಅಲ್ಲ. ಊರಿಗೆಲ್ಲ ಲಸಿಕೆಯಾಗಿದೆ ಎಂಬ ಮಾತು ಲಸಿಕೆ ತಪ್ಪಿದ ಒಂದು ಮಗುವನ್ನು ಕಾಯುವುದಿಲ್ಲ. ರೋಗ ಬಂದು ಬದುಕಿದವರಿಗೂ ಲಸಿಕೆ ಹಾಕಲೇಬೇಕು.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಶಾಲೆಗಳಿಗೆ ಹೋಗುತ್ತವೆ. ಕಿವಿಯ ಸೋಂಕು ಅವರ ತಪಾಸಣೆಯ ಪಟ್ಟಿಯಲ್ಲೇ ಇದೆ. ನನ್ನ ಬೇಡಿಕೆ ಇಷ್ಟೇ: ಸೋರುವ ಕಿವಿ ಕಂಡ ಕೂಡಲೇ ಮಗುವಿನ ಲಸಿಕೆಗಳನ್ನು ಬರೆದಿಡುವ ತಾಯಿ ಕಾರ್ಡ್ ತರಿಸಿ ನೋಡಲಿ, ತಪ್ಪಿದ ಲಸಿಕೆಯನ್ನು ಅದೇ ವಾರ ಹಾಕಿಸಲಿ. ಕಿವಿಗೆ ಬಿಸಿ ಎಣ್ಣೆ ಹುಯ್ಯಬೇಡಿ, ಕಡ್ಡಿ ಹಾಕಬೇಡಿ ಎಂದು ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೇಳಲಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ಕಿವಿ, ಮೂಗು, ಗಂಟಲು ತಜ್ಞರು ನಿಗದಿತ ದಿನ ಸಿಗುವಂತಾಗಲಿ. ಅಡಿಕೆ ಕೊಯ್ಲಿಗೆ ಹೊರ ಜಿಲ್ಲೆಗಳಿಂದ ಬರುವವರ ಮಕ್ಕಳ ಬಗ್ಗೆ ನನಗೆ ಹೆಚ್ಚು ಆತಂಕ. ಇಲ್ಲಿನ ಯಾವ ಹಾಜರಿ ಪುಸ್ತಕದಲ್ಲೂ ಹೆಸರಿಲ್ಲದ ಆ ಮಕ್ಕಳನ್ನು ಬಿಡಾರಗಳಿಗೇ ಹೋಗಿ ಹುಡುಕಬೇಕು.

ಮೇ ಕೊನೆಗೆ ಶಾಲೆಗಳು ತೆರೆಯುತ್ತವೆ, ಜೂನ್‌ನಲ್ಲಿ ಮಳೆ ಹಿಡಿಯುತ್ತದೆ. ಅಷ್ಟರೊಳಗೆ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ತಮ್ಮ ಲಿಖಿತ ಸೂಚನೆ ತಲುಪಬೇಕೆಂದು ಕೋರುತ್ತೇನೆ.

ಇಂತಿ,
ಹೊಸನಗರ ತಾಲ್ಲೂಕಿನ ನಿವೃತ್ತ ಶಿಕ್ಷಕಿ