ಆರು ಶೃಂಗಗಳು ಕಂಡವು: ಕೈಜೋಡಿಸಿದವರಿಗೆ ವಂದನೆ

ದಾವಣಗೆರೆಯ ನಮ್ಮ ಕಾಲೇಜು ಪ್ರಯೋಗಾಲಯದ ಆಸಿಲೊಸ್ಕೋಪಿನ ಪರದೆಯಲ್ಲಿ, ರುಬಿಡಿಯಂ-87 ಲೋಹದ ಆವಿ ಲೇಸರ್ ಬೆಳಕನ್ನು ಹೀರುವಾಗ ಮೂಡುವ ಆರೂ ಶೃಂಗಗಳು ಬಿಡಿಬಿಡಿಯಾಗಿ ನಿಂತಿವೆ. ಕೊಠಡಿಯ ಬಿಸಿಗೆ ಪರಮಾಣುಗಳು ದಿಕ್ಕುದಿಕ್ಕಿಗೆ ಓಡುವುದರಿಂದ ಹೀರಿಕೆಯ ಗೆರೆ (ಪರಮಾಣು ಹೀರುವ ಬೆಳಕಿನ ಆವರ್ತಾಂಕ) ಸುಮಾರು 500 ಮೆಗಾಹರ್ಟ್ಸ್ ಅಗಲಕ್ಕೆ ಹರಡುತ್ತದೆ. ಅದರ ಸಹಜ ಅಗಲ ಬರೀ 6. ಎದುರುಬದುರಾಗಿ ಪಂಪ್ (ಬಲವಾದದ್ದು), ಪ್ರೋಬ್ (ಮಂದವಾದದ್ದು) ಎಂಬ ಎರಡು ಕಿರಣ ಹಾಯಿಸಿ ಆ ಹರವಿನೊಳಗಿಂದ ಗೆರೆಗಳನ್ನು ಹೆಕ್ಕುವುದಕ್ಕೆ ಊರಿನ ಹಲವು ಕೈಗಳು ಬೇಕಾದವು. ಯಾರ ಕೆಲಸದಿಂದ ಏನಾಯಿತು ಎಂಬುದನ್ನು ಬಿಡಿಸಿಯೇ ಹೇಳುತ್ತೇವೆ.

ಮೊದಲ ನಮಸ್ಕಾರ ಅಮೆರಿಕದ ಭೌತವಿಜ್ಞಾನಿ ಕಾರ್ಲ್ ವೀಮನ್ ಅವರಿಗೆ. ಅಗ್ಗದ ಡಯೋಡ್ ಲೇಸರಿಗೆ ಗ್ರೇಟಿಂಗ್ (ಬೆಳಕಿನ ಬಣ್ಣ ಆಯುವ ಸಣ್ಣ ಗೆರೆಗಳ ಫಲಕ) ಸೇರಿಸಿ ಪರಮಾಣು ಪ್ರಯೋಗಕ್ಕೆ ಒಗ್ಗಿಸುವ ಬಗೆಯನ್ನು ಅವರು ಮ್ಯಾಕ್‌ಆಡಮ್ ಮತ್ತು ಸ್ಟೈನ್‌ಬಾಕ್ ಜೊತೆ 1992ರಲ್ಲಿ, ಬೋಧಕರು ಓದುವ ಪತ್ರಿಕೆಯಲ್ಲೇ ವಿವರವಾಗಿ ಬರೆದರು. 1995ರಲ್ಲಿ ಎರಿಕ್ ಕಾರ್ನೆಲ್ ಜೊತೆ ಇದೇ ರುಬಿಡಿಯಂ-87ನ್ನು ತಣಿಸಿ ಬೋಸ್-ಐನ್‌ಸ್ಟೈನ್ ಕಂಡೆನ್ಸೇಟ್, ಅಂದರೆ ಪರಮಾಣುಗಳೆಲ್ಲ ಒಂದೇ ಸ್ಥಿತಿಗಿಳಿದು ಒಂದಾಗಿ ವರ್ತಿಸುವ ದ್ರವ್ಯ, ಪಡೆದರು. 2001ರಲ್ಲಿ ನೊಬೆಲ್ ಬಂತು. ಮರುವರ್ಷವೇ ವಿಜ್ಞಾನ ಕಲಿಸುವ ಫೆಟ್ (PhET) ಕಂಪ್ಯೂಟರ್ ಸಿಮ್ಯುಲೇಷನ್‌ಗಳನ್ನು ಶುರುಮಾಡಿದರು. ಕಂಡೆನ್ಸೇಟಿಗಿಂತ ಆ 1992ರ ಬರಹದ ಋಣವೇ ನಮ್ಮಂಥ ಪ್ರಯೋಗಾಲಯಗಳ ಮೇಲೆ ಹೆಚ್ಚಿದೆ.

ಗಿರಣಿ, ಮಂಡಕ್ಕಿ ಭಟ್ಟಿಗಳ ಬಿಡಿಭಾಗ ಮಾಡಿಕೊಡುವ ಲೇತ್ ಶಾಪಿನ ಮೇಸ್ತ್ರಿಗೆ ನಾವು ಎಷ್ಟು ವಂದಿಸಿದರೂ ಸಾಲದು. ಗ್ರೇಟಿಂಗಿನಲ್ಲಿ ಮಿಲಿಮೀಟರಿಗೆ 1800 ಗೆರೆ. 780 ನ್ಯಾನೊಮೀಟರ್ ಬೆಳಕು ಬಂದ ದಾರಿಯಲ್ಲೇ ವಾಪಸಾಗಲು ಅದು 44.6 ಡಿಗ್ರಿಯಲ್ಲಿ ನಿಲ್ಲಬೇಕು. ಗ್ರೇಟಿಂಗನ್ನು ಹೊರುವ ಅಲ್ಯೂಮಿನಿಯಂ ಬ್ಲಾಕಿನಲ್ಲಿ ಸೀಳು ಕೊರೆದು 3 ಮಿ.ಮೀ. ದಪ್ಪದ ಕತ್ತು ಉಳಿಸಿ, ಸಣ್ಣ ಹಲ್ಲಿನ ಸ್ಕ್ರೂವಿನಿಂದ ಅದನ್ನು ಬಾಗಿಸುತ್ತೇವೆ. ಕತ್ತು ತೆಳುವಾದರೆ ರಸ್ತೆಯಲ್ಲಿ ಲಾರಿ ಹೋದಾಗಲೆಲ್ಲ ಶೃಂಗಗಳು ನಡುಗುತ್ತವೆ. ದಪ್ಪವಾದರೆ ಸ್ಕ್ರೂ ತಿರುಗಿಸಿದರೂ ಗ್ರೇಟಿಂಗ್ ಮಿಸುಕುವುದಿಲ್ಲ, ಬಿಟ್ಟಾಗ ಹಳೆಯ ಜಾಗಕ್ಕೂ ಬರುವುದಿಲ್ಲ. ಎರಡು ಬ್ಲಾಕು ಕೆಟ್ಟ ಮೇಲೂ ಮೇಸ್ತ್ರಿ ಮೂರನೆಯದನ್ನು ಬೇಸರವಿಲ್ಲದೆ ಕೊರೆದುಕೊಟ್ಟರು.

ಅದೇ ಅಲ್ಯೂಮಿನಿಯಂ ಡಿಗ್ರಿಗೆ ಹತ್ತು ಲಕ್ಷದಲ್ಲಿ 23 ಪಾಲು ಹಿಗ್ಗುತ್ತದೆ. ಡಯೋಡಿಗೂ ಗ್ರೇಟಿಂಗಿಗೂ ನಡುವಿನ ದೂರ ಬದಲಾದರೆ ಲೇಸರಿನ ಆವರ್ತಾಂಕವೂ ಬದಲಾಗುತ್ತದೆ. ಅಂದರೆ ಉಷ್ಣತೆ ಒಂದು ಡಿಗ್ರಿಯ ಸಾವಿರದಲ್ಲೊಂದು ಪಾಲು ಸರಿದರೂ ಲೇಸರಿನ ಆವರ್ತಾಂಕ ಸುಮಾರು 9 ಮೆಗಾಹರ್ಟ್ಸ್ ಸರಿಯುತ್ತದೆ, ಗೆರೆಯ ಸಹಜ ಅಗಲಕ್ಕಿಂತ ಹೆಚ್ಚು. ಆದ್ದರಿಂದಲೇ ಅಳತೆಯ ಹೊತ್ತಿನಲ್ಲಿ ಫ್ಯಾನ್ ಹಾಕುವಂತಿಲ್ಲ. ಏಪ್ರಿಲ್ ಸೆಕೆಯಲ್ಲೂ ಅದನ್ನು ಪಾಲಿಸಿದ, ಬೆಳಿಗ್ಗೆ ಬೇಗ ಬಂದು ಬಾಗಿಲು ತೆರೆದ ಅಟೆಂಡರ್ ಅಣ್ಣನಿಗೆ ಮನಸಾರೆ ವಂದನೆ. ಬೆಳಗೇ ಯಾಕೆಂದರೆ, 25 ಡಿಗ್ರಿಯಿಂದ 35ಕ್ಕೆ ಏರಿದರೆ ಗಾಜಿನ ಕೊಳವೆಯೊಳಗಿನ ರುಬಿಡಿಯಂ ಆವಿಯ ಒತ್ತಡ ಎರಡೂವರೆ ಪಟ್ಟು ಮೀರುತ್ತದೆ. ಮಧ್ಯಾಹ್ನ ಪ್ರೋಬ್ ಕಿರಣವನ್ನು ಆವಿಯೇ ನುಂಗಿಬಿಡುತ್ತದೆ.

ಎಲೆಕ್ಟ್ರಿಷಿಯನ್ ಅಣ್ಣ ಉಪ್ಪು, ಇದ್ದಿಲು ತುಂಬಿ ಬೇರೆಯೇ ಅರ್ಥಿಂಗ್ ಗುಂಡಿ ಮಾಡಿಕೊಟ್ಟರು; ವಾರವಾರ ನೀರು ಹಾಕಲೂ ಕಲಿಸಿದರು. ಆಮೇಲೆ ಲೇಸರಿನ ಕರೆಂಟ್ ಡ್ರೈವರಿನಲ್ಲಿ ಕೂತಿದ್ದ 50 ಹರ್ಟ್ಸ್ ಗುಂಯ್‌ಗುಡುವಿಕೆ ಇಳಿಯಿತು.

ಟಿವಿ, ಯುಪಿಎಸ್ ರಿಪೇರಿ ಅಂಗಡಿಯವರು ಪೆಲ್ಟಿಯರ್ (ಕರೆಂಟಿನಿಂದ ತಣಿಸುವ ಬಿಲ್ಲೆ) ಮತ್ತು 10 ಕಿಲೊಓಮ್ ಥರ್ಮಿಸ್ಟರಿನ (ಉಷ್ಣತೆ ಅಳೆಯುವ ಬಿಡಿಭಾಗ) ಸರ್ಕ್ಯೂಟ್ ಬೆಸೆದುಕೊಟ್ಟರು. ನಮ್ಮ ಡಯೋಡ್ 785 ನ್ಯಾನೊಮೀಟರಿನದು. 780ಕ್ಕೆ ಇಳಿಸಲು ಸುಮಾರು 20 ಡಿಗ್ರಿ ತಣಿಸಬೇಕು. ಮಳೆಗಾಲದಲ್ಲಿ ಅಷ್ಟು ತಣಿಸಿದರೆ ಡಯೋಡ್ ಬೆವರುತ್ತದೆ. ಡಬ್ಬಿಯ ಸಂದಿಗಳನ್ನೆಲ್ಲ ಮುಚ್ಚಿ ಒಳಗೆ ಸಿಲಿಕಾ ಜೆಲ್ ಇಡಬೇಕೆಂದು ಹೇಳಿದವರೂ ಅವರೇ.

ನಿವೃತ್ತರಾದ ನಮ್ಮ ಮೇಷ್ಟ್ರು ಶೃಂಗಗಳನ್ನು ಓದುವುದನ್ನು ಕಲಿಸಿದರು. ಆರರಲ್ಲಿ ಮೂರು ಮಾತ್ರ ಪರಮಾಣು ಒಂದು ಶಕ್ತಿಮಟ್ಟದಿಂದ ಇನ್ನೊಂದಕ್ಕೆ ಹಾರುವ ನಿಜವಾದ ಜಿಗಿತ, ಉಳಿದ ಮೂರು ಎರಡು ಜಿಗಿತಗಳ ನಟ್ಟನಡುವೆ ಮೂಡುವ ಕ್ರಾಸ್‌ಓವರ್. ಎಲ್ಲಕ್ಕಿಂತ ಎತ್ತರದ್ದು ಕ್ರಾಸ್‌ಓವರೇ, ಹೊಸಬರು ಅದನ್ನೇ ಅಸಲಿ ಗೆರೆಯೆಂದು ನಂಬುತ್ತಾರೆ. ಕೊನೆಯ ಎರಡು ನಿಜ ಗೆರೆಗಳ ಅಂತರ 266.65 ಮೆಗಾಹರ್ಟ್ಸ್, ಪರದೆಯ ಅಳತೆಗೋಲು ಅದೇ. ಶೃಂಗಗಳು ಒಂದಕ್ಕೊಂದು ಅಂಟಿದ್ದಾಗ ಪಂಪ್ ಕಿರಣಕ್ಕೆ ಫಿಲ್ಟರ್ ಅಡ್ಡ ಹಿಡಿಸಿದರು. ಬೆಳಕು ಇಳಿದಂತೆ ಗೆರೆಗಳು ಸಣ್ಣಗಾಗಿ ಬೇರೆಯಾದವು.

ಪರದೆಯಲ್ಲಿ ಮೂಡಿದ ಆ ಆರು ಶೃಂಗಗಳ ಚಿತ್ರದ ಒಂದೊಂದು ಪ್ರತಿಯನ್ನು ಮೇಷ್ಟ್ರ ಮನೆಗೆ, ಲೇತ್ ಶಾಪಿಗೆ, ರಿಪೇರಿ ಅಂಗಡಿಗೆ ತಲುಪಿಸುತ್ತೇವೆ. ಬ್ಲಾಕಿನ ನಕ್ಷೆ ಬೇಕಾದ ಚಿತ್ರದುರ್ಗದ ಗೆಳೆಯರು ಬಂದು ಒಯ್ಯಬಹುದು. ಕತ್ತಿನ 3 ಮಿ.ಮೀ. ಮಾತ್ರ ಬದಲಿಸಬೇಡಿ.